ಹಳೆ ಲಾರಿನೇ ಜಾಸ್ತಿ ಮೈಲೇಜ್ ಕೊಡುತ್ತಿತ್ತಾ? ಅಳೆದು ನೋಡಿದರೆ ಕಥೆ ಬೇರೆ

ನಮ್ಮ ಚಿಕ್ಕಪ್ಪನ ಹತ್ತಿರ ಎರಡು ಹತ್ತು ಚಕ್ರದ ಲಾರಿಗಳಿವೆ. ಒಂದು 2014ರದು, ಬಿಎಸ್-3. ಇನ್ನೊಂದು 2022ರದು, ಬಿಎಸ್-6. ಬಿಎಸ್ ಅಂದರೆ ಭಾರತ್ ಸ್ಟೇಜ್, ಎಂಜಿನ್ ಎಷ್ಟು ಹೊಗೆ ಬಿಡಬಹುದು ಎನ್ನುವ ನಿಯಮ. ಅಂಕಿ ಏರಿದಷ್ಟೂ ಮಿತಿ ಬಿಗಿ. ಎರಡೂ ದಾವಣಗೆರೆಯಿಂದ ಮೆಕ್ಕೆಜೋಳ ಹೊತ್ತು ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗುತ್ತಿದ್ದವು. ಬರುವಾಗ ಅಲ್ಲಿನ ಪಣಂಬೂರಿನಿಂದ ಗೊಬ್ಬರ ತರುತ್ತಿದ್ದವು. ದಾರಿ ಒಂದೇ, ಬಂಕ್ ಒಂದೇ, ಮಾಲೀಕರೂ ಒಬ್ಬರೇ. ಆದರೂ ತಿಂಗಳ ಕೊನೆಗೆ ಲೆಕ್ಕಕ್ಕೆ ಕೂತಾಗ ಜಗಳ ತಪ್ಪುತ್ತಿರಲಿಲ್ಲ.

"ಯಜಮಾನ್ರೇ, ಹಳೇದು ನಾಲ್ಕು ಎರಡು ಕೊಡ್ತೈತಿ. ಈ ಹೊಸಾದು ನಾಲ್ಕು ದಾಟಂಗಿಲ್ಲ. ಬಿಎಸ್ ಸಿಕ್ಸ್ ಅಂದ್ರೆ ಡೀಸೆಲ್ ಕುಡಿಯೋ ಗಾಡಿ" ಅನ್ನುವುದು ಹಳೆ ಲಾರಿ ಓಡಿಸುತ್ತಿದ್ದ ಹಿರಿಯ ಡ್ರೈವರ್ ಮಾತು. ನಾಲ್ಕು ಎರಡು ಅಂದರೆ ಲೀಟರ್‌ಗೆ 4.2 ಕಿ.ಮೀ. ಈ ಮಾತನ್ನು ನೀವು ಯಾವ ಲಾರಿ ಸ್ಟ್ಯಾಂಡಿಗೆ ಹೋದರೂ ಕೇಳುತ್ತೀರಿ. ಹೊಸ ಲಾರಿ ಮಾರುವವರು ಹೇಳುವುದು ಇದಕ್ಕೆ ತದ್ವಿರುದ್ಧ. ಯಾರು ಸರಿ?

ನಾಲ್ಕು ಎರಡೋ, ನಾಲ್ಕೋ, ಇಷ್ಟಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಲಾರಿ ವರ್ಷಕ್ಕೆ 80,000 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳೋಣ. ಲೀಟರ್‌ಗೆ 4.2 ಕಿ.ಮೀ. ಆದರೆ ಸುಮಾರು 19,050 ಲೀಟರ್ ಬೇಕು. 4.0 ಆದರೆ 20,000 ಲೀಟರ್. ವ್ಯತ್ಯಾಸ 950 ಲೀಟರ್. ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 18.4ಕ್ಕೆ ಏರಿತು, 2025ರ ಏಪ್ರಿಲ್ 1ರಿಂದ ಶೇ 21.17 ಆಯಿತು. ಆಗ ಬೆಂಗಳೂರಿನಲ್ಲಿ ಲೀಟರ್ ಬೆಲೆ 91 ರೂಪಾಯಿ ಮುಟ್ಟಿತು. ಲಾರಿ ಮಾಲೀಕರು ಮುಷ್ಕರಕ್ಕೆ ಇಳಿದದ್ದು ಇದೇ ಸಿಟ್ಟಿಗೆ. ಆ ಬೆಲೆಗೆ 950 ಲೀಟರ್ ಅಂದರೆ ಒಂದು ಲಾರಿಗೆ ವರ್ಷಕ್ಕೆ 86,000 ರೂಪಾಯಿಗೂ ಜಾಸ್ತಿ. ಒಂದೆರಡು ಲಾರಿ ಇಟ್ಟುಕೊಂಡ ಮನೆಗೆ ಅದು ಮಕ್ಕಳ ಫೀಸು.

ಹಾಗಾಗಿ ಪ್ರಶ್ನೆ ಸಣ್ಣದಲ್ಲ. ಆದರೆ ನಾವು ಅಳೆಯುವ ರೀತಿ ಇದೆಯಲ್ಲ, ಅದರಲ್ಲೇ ತೊಂದರೆ ಇದೆ. ಜಗಳ ನಡೆಯುತ್ತಿರುವುದು ಶೇ 5ರ ವ್ಯತ್ಯಾಸಕ್ಕೆ. ನಮ್ಮ ಅಳತೆಯ ತಪ್ಪೇ ಶೇ 5 ಇರುತ್ತದೆ. ಅಂಥ ತಕ್ಕಡಿಯಲ್ಲಿ ತೂಗಿ ಎರಡು ಲಾರಿಗಳಿಗೆ ತೀರ್ಪು ಕೊಟ್ಟುಬಿಡುತ್ತೇವೆ.

ಬಂಕ್‌ನಲ್ಲಿ ನಿಂತು ಒಮ್ಮೆ ಸರಿಯಾಗಿ ಗಮನಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಒಂದು ಬೆಳಿಗ್ಗೆ ಚಿಕ್ಕಪ್ಪನ ಜೊತೆ ನಾನೂ ಹೋಗಿದ್ದೆ. ಹೊಸ ಲಾರಿ ಆಗಷ್ಟೇ ಘಾಟ್ ಹತ್ತಿ ಬಂದಿತ್ತು. ಹುಡುಗ ನಾಜಲ್ ಹಾಕಿದ. 158 ಲೀಟರ್‌ಗೆ ಟಕ್ ಅಂತ ನಿಂತಿತು. "ಫುಲ್ ಆಯ್ತು" ಅಂದ. ಡ್ರೈವರ್ ಮುಚ್ಚಳದ ಹತ್ತಿರ ಬಗ್ಗಿ ನೋಡಿ, "ನೊರೆ ಐತಿ ಮಾರಾಯ, ತಡಿ" ಅಂದ. ಎರಡು ನಿಮಿಷ ಬಿಟ್ಟರು. ನೊರೆ ಇಳಿಯಿತು. ಮತ್ತೆ ಹಾಕಿದಾಗ 4 ಲೀಟರ್ ಹಿಡಿಯಿತು. ಆಮೇಲೆ ಚಿಕ್ಕಪ್ಪ ಲಾರಿಯನ್ನು ಹತ್ತು ಅಡಿ ಮುಂದೆ, ಕಾಂಕ್ರೀಟ್ ಮಟ್ಟಸವಾಗಿದ್ದ ಕಡೆ ನಿಲ್ಲಿಸಲು ಹೇಳಿದರು. ಅಲ್ಲಿ ಇನ್ನೂ 3 ಲೀಟರ್ ಹೋಯಿತು. ಒಂದೇ ಟ್ಯಾಂಕ್, ಮೂರು ಸಲ ಫುಲ್! ಮೊದಲ ಟಕ್ ಸದ್ದಿಗೆ ಚೀಟಿ ಬರೆಸಿದ್ದರೆ 7 ಲೀಟರ್ ಲೆಕ್ಕ ತಪ್ಪುತ್ತಿತ್ತು.

ಹೋಗಿ ಬರುವ ಒಂದು ಟ್ರಿಪ್‌ಗೆ ಸುಮಾರು 170 ಲೀಟರ್ ಖರ್ಚು. ಅದರಲ್ಲಿ 7 ಲೀಟರ್ ಅಂದರೆ ಶೇ 4. ಒಂದು ಲಾರಿಗೆ ಈ ಕಡೆ ತಪ್ಪಿ, ಇನ್ನೊಂದಕ್ಕೆ ಆ ಕಡೆ ತಪ್ಪಿದರೆ ಶೇ 8 ಅಂತರ ಸುಮ್ನೆ ಹುಟ್ಟಿಕೊಳ್ಳುತ್ತದೆ. ಇದರ ಮೇಲೆ ಬಿಸಿಯ ಲೆಕ್ಕ ಬೇರೆ. ಎಂಜಿನ್‌ಗೆ ಹೋಗಿ ಉಳಿದ ಡೀಸೆಲ್ ಬಿಸಿಯಾಗಿ ವಾಪಸ್ ಟ್ಯಾಂಕಿಗೇ ಬರುತ್ತದೆ. ಬಿಸಿಯಾದ ಡೀಸೆಲ್ ಉಬ್ಬುತ್ತದೆ. 300 ಲೀಟರ್ ಡೀಸೆಲ್ 10 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಡಿಮೆ ಎರಡೂವರೆ ಲೀಟರ್ ಜಾಗ ಜಾಸ್ತಿ ಹಿಡಿಯುತ್ತದೆ. ಓಡಿ ಬಂದ ತಕ್ಷಣ ತುಂಬಿಸಿದ ಟ್ಯಾಂಕೂ, ರಾತ್ರಿ ನಿಂತು ತಣ್ಣಗಾದ ಮೇಲೆ ತುಂಬಿಸಿದ ಟ್ಯಾಂಕೂ ಒಂದೇ ಅಲ್ಲ.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಒಂದು ಟ್ರಿಪ್ ನೋಡಿ ತೀರ್ಮಾನಿಸುವುದನ್ನು ಬಿಟ್ಟರೆ ಸಾಕು. ಒಂದೇ ಬಂಕ್, ಒಂದೇ ಜಾಗ, ಒಂದೇ ಹೊತ್ತು. ನೊರೆ ಇಳಿಯುವ ತನಕ ಕಾಯಬೇಕು. ಐದು ಟ್ರಿಪ್ ಒಟ್ಟು ಸೇರಿಸಿ ಲೆಕ್ಕ ಹಾಕಬೇಕು. ಆಗ ಒಟ್ಟು 850 ಲೀಟರ್ ಆಗುತ್ತದೆ. ತುಂಬಿಸುವಾಗಿನ ತಪ್ಪು ಮಾತ್ರ ಮೊದಲ ಸಲದ್ದು ಮತ್ತು ಕೊನೆಯ ಸಲದ್ದು ಅಷ್ಟೇ ಉಳಿಯುತ್ತದೆ. 7 ಲೀಟರ್ ತಪ್ಪಿದರೂ ಶೇ 1ಕ್ಕಿಂತ ಕಡಿಮೆ.

ಲೀಟರ್ ಒಂದು ಕಡೆ. ಕಿಲೋಮೀಟರನ್ನಾದರೂ ನಂಬಬಹುದಾ? ಮೀಟರ್ ಎಣಿಸುವುದು ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದನ್ನು. ಲಾರಿಯ ಟೈರ್ ಹೆಚ್ಚುಕಡಿಮೆ 105 ಸೆಂಟಿಮೀಟರ್ ಅಡ್ಡಳತೆ ಇರುತ್ತದೆ. ಟೈರಿನ ಮೇಲಿನ ಉಬ್ಬು, ಅಂದರೆ ಬಟನ್, 12 ಮಿಲಿಮೀಟರ್ ಸವೆದರೆ ಅಡ್ಡಳತೆ 24 ಮಿಲಿಮೀಟರ್ ಕಡಿಮೆಯಾಗುತ್ತದೆ. ಅಂದರೆ ಅದೇ ದಾರಿಗೆ ಚಕ್ರ ಶೇ 2ಕ್ಕಿಂತ ಜಾಸ್ತಿ ಸುತ್ತು ತಿರುಗಬೇಕು. ಲಾರಿ ಓಡಿದ್ದು 1,000 ಕಿ.ಮೀ., ಮೀಟರ್ ತೋರಿಸುವುದು 1,020ಕ್ಕೂ ಮೇಲೆ. ಸವೆದ ಟೈರಿನ ಹಳೆ ಲಾರಿಗೆ ಹೀಗೆ ಪುಕ್ಕಟೆ ಮೈಲೇಜ್ ಸಿಗುತ್ತದೆ. ಸವೆದ ಟೈರ್ ಉರುಳುವುದೂ ಸ್ವಲ್ಪ ಹಗುರ, ಆದ್ದರಿಂದ ನಿಜವಾಗಿಯೂ ಒಂದಿಷ್ಟು ಡೀಸೆಲ್ ಉಳಿಯುತ್ತದೆ. ಹೊಸ ಟೈರ್ ಹಾಕಿಸಿದ ಮರುದಿನ "ಗಾಡಿ ಎಳೀತಿಲ್ಲ" ಅನ್ನುವ ದೂರು ಪೂರ್ತಿ ಕಲ್ಪನೆಯಲ್ಲ. ಹಾಗಂತ ಬೋಳು ಟೈರಿನಲ್ಲಿ ಮಳೆಗಾಲದ ಶಿರಾಡಿ ಇಳಿಯುವ ಹುಚ್ಚು ಸಾಹಸ ಯಾರಿಗೂ ಬೇಡ. ದಾರಿಯ ಉದ್ದವನ್ನು ಜಿಪಿಎಸ್‌ನಲ್ಲಿ ಒಮ್ಮೆ ನೋಡಿ, ಎರಡೂ ಲಾರಿಗೆ ಅದೇ ಅಂಕಿ ಬಳಸಿದರೆ ಈ ತಕರಾರು ಮುಗಿಯಿತು.

ಹೊಸ ಲಾರಿಗಳ ಡ್ಯಾಶ್‌ಬೋರ್ಡ್ ತಾನೇ ಮೈಲೇಜ್ ತೋರಿಸುತ್ತದೆ. ಅದು ಎಂಜಿನ್ ಕಂಪ್ಯೂಟರ್ ಹಾಕುವ ಅಂದಾಜು. ಆ ಅಂಕಿಯನ್ನು ಹಳೆ ಲಾರಿಯ ಬಂಕ್ ಲೆಕ್ಕದ ಜೊತೆ ಹೋಲಿಸಬಾರದು. ಎರಡನ್ನೂ ಬಂಕ್‌ನಲ್ಲೇ ಅಳೆಯಬೇಕು.

ಈಗ ಘಾಟ್ ವಿಷಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಇದು.

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಒಳ್ಳೆಯ ಡೀಸೆಲ್ ಎಂಜಿನ್ ಅದರಲ್ಲಿ 4 ಯೂನಿಟ್‌ನಷ್ಟನ್ನು ಕೆಲಸಕ್ಕೆ ತಿರುಗಿಸುತ್ತದೆ. ಉಳಿದದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಬಿಸಿಯಾಗಿ ಹೊರಗೆ ಹೋಗುತ್ತದೆ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ಘಾಟ್ ಮೇಲಿನ ಸಕಲೇಶಪುರ ಅದಕ್ಕಿಂತ 900 ಮೀಟರ್‌ಗೂ ಮೇಲೆ. ಲಾರಿ, ಮಾಲು ಸೇರಿ 28 ಟನ್ ತೂಕವನ್ನು 900 ಮೀಟರ್ ಎತ್ತಲು ಸುಮಾರು 68 ಯೂನಿಟ್ ಬೇಕು. ಅಂದರೆ 17 ಲೀಟರ್ ಡೀಸೆಲ್. ಇದು ಬರೀ ಎತ್ತುವುದಕ್ಕೆ. ಟೈರ್ ಉರುಳಿಸುವುದಕ್ಕೆ, ಗಾಳಿ ಸೀಳುವುದಕ್ಕೆ, ಗೇರ್‌ಬಾಕ್ಸಿನಲ್ಲಿ ಕಳೆಯುವುದಕ್ಕೆ ಬೇರೆ ಇದೆ. ಇದರಲ್ಲಿ ಡ್ರೈವರ್ ಎಷ್ಟೇ ಜಾಣನಾದರೂ, ಲಾರಿ ಎಷ್ಟೇ ಹೊಸದಾದರೂ ಬಹಳ ಉಳಿಸಲು ಆಗುವುದಿಲ್ಲ. ತೂಕಕ್ಕೆ ತಕ್ಕ ಬೆಲೆ ಕೊಡಲೇಬೇಕು. 25 ಟನ್‌ನ ಲಾರಿಗೆ ಅದೇ ಏರು 15 ಲೀಟರ್ ಚಿಲ್ಲರೆ.

ಇಳಿಯುವಾಗ ಆ ಶಕ್ತಿ ವಾಪಸ್ ಬರಬೇಕಿತ್ತಲ್ವಾ? ಸ್ವಲ್ಪ ಬರುತ್ತದೆ. ಗೇರಿನಲ್ಲಿ ಇಳಿಯುವಾಗ ಎಂಜಿನ್ ಡೀಸೆಲ್ ಕೇಳುವುದಿಲ್ಲ. ಆದರೆ ಬಹುಪಾಲು ಬ್ರೇಕ್ ಡ್ರಮ್ಮಿನಲ್ಲಿ ಬಿಸಿಯಾಗಿ ಹೋಗುತ್ತದೆ. ಘಾಟ್ ಕೆಳಗಿನ ಗುಂಡ್ಯದಲ್ಲಿ ನಿಂತ ಲಾರಿಗಳ ಚಕ್ರದ ಹತ್ತಿರ ಕೈ ಹಿಡಿದರೆ ಸಾಕು, ಸಕಲೇಶಪುರದಲ್ಲಿ ಸುಟ್ಟ ಡೀಸೆಲ್ ಎಲ್ಲಿ ಹೋಯಿತು ಎಂದು ಗೊತ್ತಾಗುತ್ತದೆ.

ಹಾಗಾಗಿ ಮಂಗಳೂರಿಗೆ ಹೋಗುವಾಗಿನ ಮೈಲೇಜನ್ನು ಬರುವಾಗಿನ ಮೈಲೇಜಿಗೆ ಹೋಲಿಸುವುದು ತಪ್ಪು. ಹೊರಟ ಜಾಗಕ್ಕೇ ವಾಪಸ್ ಬಂದು ತುಂಬಿಸಿದರೆ ಮಾತ್ರ ಲೆಕ್ಕ ಸರಿ. ಇನ್ನೊಂದು ತಪ್ಪನ್ನು ನಾನೇ ಬಹಳ ದಿನ ಮಾಡಿದ್ದೇನೆ. ಹತ್ತುವಾಗ ಲೀಟರ್‌ಗೆ ಎರಡೂವರೆ, ಇಳಿಯುವಾಗ ಐದು ಬಂದರೆ ಸರಾಸರಿ 3.75 ಅಂತ ಬರೆದುಬಿಡುತ್ತಿದ್ದೆ. ಅದಲ್ಲ. 100 ಕಿ.ಮೀ. ಹತ್ತಲು 40 ಲೀಟರ್, 100 ಕಿ.ಮೀ. ಇಳಿಯಲು 20 ಲೀಟರ್. ಒಟ್ಟು 200 ಕಿಲೋಮೀಟರ್‌ಗೆ 60 ಲೀಟರ್. ಮೈಲೇಜ್ 3.33. ಮೈಲೇಜುಗಳನ್ನು ಕೂಡಿ ಎರಡರಿಂದ ಭಾಗಿಸುವ ಹಾಗಿಲ್ಲ. ಲೀಟರ್ ಕೂಡಿಸಿ, ಕಿಲೋಮೀಟರ್ ಕೂಡಿಸಿ, ಕೊನೆಯಲ್ಲಿ ಒಂದೇ ಸಲ ಭಾಗಿಸಬೇಕು.

ಇನ್ನು ತೂಕ. ಹಳೆಯದು, ಹೊಸದು ಅನ್ನುವ ಜಗಳದ ಗಂಟು ಇರುವುದೇ ಇಲ್ಲಿ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು. ಹತ್ತು ಚಕ್ರದ ಮೂರು ಆಕ್ಸಲ್ ಲಾರಿಗೆ ಒಟ್ಟು ತೂಕ 25 ಟನ್ ಇದ್ದದ್ದು 28.5 ಟನ್‌ವರೆಗೆ ಹೋಯಿತು. ಹೊಸ ಲಾರಿಗಳು ಈ ಮಿತಿಗೆ ತಕ್ಕಂತೆ ಬಂದವು. ಹಳೆಯ ಲಾರಿಯ ಆರ್‌ಸಿಯಲ್ಲಿ 25 ಟನ್ ಎಂದೇ ಇರುತ್ತದೆ. ಚಿಕ್ಕಪ್ಪನ ಎರಡೂ ಲಾರಿಗಳು ಹೊರಗಿನಿಂದ ನೋಡಲು ಒಂದೇ ಥರ. ಆದರೆ ಹಳೆಯದು ಕಾನೂನು ಪ್ರಕಾರ ಹೊರುವುದು 16 ಟನ್ ಮಾಲು, ಹೊಸದು ಸುಮಾರು 19 ಟನ್. ಮೂರು ಟನ್ ಜಾಸ್ತಿ ಹೊತ್ತವನಿಗೆ "ನೀನು ನಿಧಾನ" ಅಂದ ಹಾಗೆ ನಮ್ಮ ಹೋಲಿಕೆ.

ಅದಕ್ಕೇ ಲೀಟರ್‌ಗೆ ಎಷ್ಟು ಕಿಲೋಮೀಟರ್ ಅನ್ನುವ ಒಂದೇ ಅಂಕಿ ಸಾಲದು. ಒಂದು ಲೀಟರ್‌ಗೆ ಎಷ್ಟು ಟನ್ ಮಾಲು ಎಷ್ಟು ಕಿಲೋಮೀಟರ್ ಹೋಯಿತು ಎಂದು ಕೇಳಬೇಕು. ಹಳೆಯದು 4.2 ಅನ್ನು 16ರಿಂದ ಗುಣಿಸಿದರೆ 67. ಹೊಸದು 4.0 ಅನ್ನು 19ರಿಂದ ಗುಣಿಸಿದರೆ 76. ಮೈಲೇಜಿನಲ್ಲಿ ಸೋತ ಲಾರಿ ಕೆಲಸದಲ್ಲಿ ಶೇ 13 ಮುಂದೆ. ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುವವರಿಗೆ ಮನೆಗೆ ಬರುವ ದುಡ್ಡು ಈ ಎರಡನೇ ಅಂಕಿಯಿಂದ ಬರುತ್ತದೆ.

ಟನ್ ಲೆಕ್ಕಕ್ಕೆ ಆರ್‌ಸಿ ನೋಡಿದರೆ ಸಾಲದು, ವೇ ಬ್ರಿಡ್ಜ್ ಚೀಟಿಯೇ ಬೇಕು. ಓವರ್‌ಲೋಡ್ ಹೊಡೆದ ದಿನಗಳ ನೆನಪನ್ನು ಇಟ್ಟುಕೊಂಡು ಯಾರೂ ಹಳೆ ಲಾರಿಯ ಮೈಲೇಜ್ ಹೇಳುವುದಿಲ್ಲ. ಖಾಲಿ ಬಂದ ದಿನದ್ದು ನೆನಪಿರುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ, ನೆನಪು ಇರುವುದೇ ಹಾಗೆ. ಕೆಲವು ಕಡೆ ಮಾಲೀಕರು ಇಂತಿಷ್ಟು ಮೈಲೇಜ್ ಎಂದು ನಿಗದಿ ಮಾಡಿ ಡೀಸೆಲ್ ಕೊಡುತ್ತಾರೆ, ಉಳಿಸಿದ್ದು ಡ್ರೈವರ್‌ಗೆ. ಅಲ್ಲಿ ಅಂಕಿ ಕಡಿಮೆ ಹೇಳಿದರೆ ಡ್ರೈವರ್‌ಗೆ ಲಾಭ, ಜಾಸ್ತಿ ಹಿಡಿದರೆ ಮಾಲೀಕರಿಗೆ ಲಾಭ. ಹಳೆ ಲಾರಿ ಮಾರುವಾಗ ಅದೇ ಅಂಕಿ ಇನ್ನೊಂದಿಷ್ಟು ಏರುತ್ತದೆ. ಬಾಯಿಮಾತಿನ ಮೈಲೇಜ್ ಕೇಳುವಾಗ, ಹೇಳುವವರು ಯಾವ ಕಡೆ ನಿಂತಿದ್ದಾರೆ ಎಂದೂ ನೋಡಬೇಕು.

ಹಾಗಾದರೆ ಹಿರಿಯ ಡ್ರೈವರ್ ಹೇಳಿದ್ದು ಬರೀ ಭ್ರಮೆಯಾ? ಅಲ್ಲ. ಅವರ ಮಾತಿಗೆ ಎಂಜಿನ್‌ನಲ್ಲೇ ಆಧಾರ ಇದೆ. ಇದನ್ನು ಹೊಸ ಲಾರಿ ಮಾರುವವರು ಬಿಡಿಸಿ ಹೇಳುವುದಿಲ್ಲ.

ಹಳೆ ಲಾರಿಗಳ ಜೀವಾಳ ಡೀಸೆಲ್ ಪಂಪ್. 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಇಂಥ ಪಂಪ್‌ಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟಿತು. ಮೈಕೋ ಲೇಔಟ್ ಹೆಸರು ಬಂದದ್ದೂ ಅದರಿಂದಲೇ. ಆ ಪಂಪ್ ಪೂರ್ತಿ ಮೆಕ್ಯಾನಿಕಲ್. ಡೀಸೆಲ್ ಯಾವ ಗಳಿಗೆಗೆ ಸಿಲಿಂಡರ್‌ಗೆ ಬೀಳಬೇಕು ಅನ್ನುವುದನ್ನು ಪಂಪ್ ಮೆಕ್ಯಾನಿಕ್ ಕೈಯಲ್ಲಿ ಹೊಂದಿಸಬಹುದಿತ್ತು. ಡೀಸೆಲ್ ಸ್ವಲ್ಪ ಮುಂಚೆ ಬಿದ್ದರೆ ಒಳಗೆ ಬಿಸಿ ಏರುತ್ತದೆ, ಎಳೆತ ಚೆನ್ನಾಗಿರುತ್ತದೆ, ಡೀಸೆಲ್ ಉಳಿಯುತ್ತದೆ. ಆದರೆ ಅದೇ ಬಿಸಿಯಲ್ಲಿ ಗಾಳಿಯ ನೈಟ್ರೋಜನ್ ಮತ್ತು ಆಮ್ಲಜನಕ ಸೇರಿ ವಿಷದ ಅನಿಲವಾಗುತ್ತದೆ. ಅದನ್ನೇ ನಾಕ್ಸ್ ಅನ್ನುವುದು. ಡೀಸೆಲ್ ಉಳಿಸಲು ಹೋದರೆ ನಾಕ್ಸ್ ಜಾಸ್ತಿ, ನಾಕ್ಸ್ ತಗ್ಗಿಸಲು ಹೋದರೆ ಡೀಸೆಲ್ ಜಾಸ್ತಿ. ಡೀಸೆಲ್ ಎಂಜಿನ್ ಮಾಡುವವರಿಗೆಲ್ಲ ಇರುವ ಕಷ್ಟ ಇದೇ.

ಬಿಎಸ್-3ರಲ್ಲಿ ದೊಡ್ಡ ಎಂಜಿನ್‌ಗಳಿಗೆ ಒಂದು ಯೂನಿಟ್ ಕೆಲಸಕ್ಕೆ 5 ಗ್ರಾಂ ನಾಕ್ಸ್ ಬಿಡಲು ಅವಕಾಶ ಇತ್ತು. ಬಿಎಸ್-6ರಲ್ಲಿ ಅದು 0.4 ಗ್ರಾಂ. ಹೊಗೆಯ ಮಸಿ ಕಣ ಬಿಡಬಹುದಾದ ಮಿತಿ 0.10 ಗ್ರಾಂನಿಂದ 0.01ಕ್ಕೆ ಇಳಿಯಿತು. ಡೀಸೆಲ್‌ನ ಗಂಧಕ ಹತ್ತು ಲಕ್ಷದಲ್ಲಿ 350 ಭಾಗ ಇದ್ದದ್ದು 10 ಭಾಗಕ್ಕೆ ಬಂತು. ಇಷ್ಟನ್ನು ಎಂಜಿನ್ ಒಳಗೇ ಸರಿ ಮಾಡಲು ಹೋಗಿದ್ದರೆ ಮೈಲೇಜ್ ನಿಜಕ್ಕೂ ನೆಲ ಕಚ್ಚುತ್ತಿತ್ತು. ಸುಟ್ಟ ಹೊಗೆಯನ್ನೇ ಸ್ವಲ್ಪ ವಾಪಸ್ ಎಂಜಿನ್‌ಗೆ ಬಿಟ್ಟು ಬಿಸಿ ತಗ್ಗಿಸುವ ಇಜಿಆರ್ ಬಂದಾಗ ಡ್ರೈವರ್‌ಗಳು ಎಳೆತ ಕಡಿಮೆಯಾಯಿತು ಎಂದು ಗೊಣಗಿದ್ದು ಸುಳ್ಳಲ್ಲ. ಅಮೆರಿಕದಲ್ಲೂ ಹೀಗೇ ಆಯಿತು. 2007ರ ನಿಯಮದ ಎಂಜಿನ್‌ಗಳು ಡೀಸೆಲ್ ಜಾಸ್ತಿ ಕುಡಿಯುತ್ತವೆ ಎಂದು ಅಲ್ಲಿನ ಲಾರಿಯವರು ದೂರಿದರು. 2010ರ ಎಂಜಿನ್‌ಗಳಲ್ಲಿ ಎಸ್‌ಸಿಆರ್ ಬಂದ ಮೇಲೆ ಮೈಲೇಜ್ ಮತ್ತೆ ಸುಧಾರಿಸಿತು.

ಎಸ್‌ಸಿಆರ್ ಮಾಡುವುದು ಸರಳ ಉಪಾಯ. ಎಂಜಿನ್ ತನಗೆ ಬೇಕಾದ ಹಾಗೆ ಬಿಸಿಯಾಗಿ, ಮಿತವ್ಯಯದಲ್ಲಿ ಓಡಲಿ. ಹೊರಗೆ ಬಂದ ನಾಕ್ಸ್‌ಗೆ ಸೈಲೆನ್ಸರ್‌ನಲ್ಲಿ ಯೂರಿಯಾ ನೀರು ಸಿಂಪಡಿಸಿ ಅದನ್ನು ಮತ್ತೆ ಸಾದಾ ನೈಟ್ರೋಜನ್ ಮತ್ತು ನೀರಾವಿ ಮಾಡಿಬಿಡುವುದು. ಡಿಇಎಫ್ ಅಂತ ಕ್ಯಾನ್‌ನಲ್ಲಿ ಸಿಗುತ್ತದಲ್ಲ, ಅದೇ ಇದು. ಶೇ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಹೀಗೆ ಕೆಲಸ ಹಂಚಿಕೊಂಡಿದ್ದರಿಂದಲೇ ಹೊಸ ಎಂಜಿನ್‌ಗೆ ಡೀಸೆಲ್ ಉಳಿಸಲು ದಾರಿ ಸಿಕ್ಕಿತು. ಜೊತೆಗೆ ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೇಲ್ ಬಂತು. 1,600 ಬಾರ್‌ಗೂ ಮೇಲಿನ ಒತ್ತಡದಲ್ಲಿ ಡೀಸೆಲ್ ಮಂಜಿನಂತೆ ಬೀಳುತ್ತದೆ. ಎಷ್ಟು ಬೀಳಬೇಕು, ಯಾವಾಗ ಬೀಳಬೇಕು ಅನ್ನುವುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಆದರೆ ಡಿಇಎಫ್ ಪುಕ್ಕಟೆ ಬರುವುದಿಲ್ಲ. ಮೈಲೇಜ್ ಲೆಕ್ಕದಲ್ಲಿ ಅದನ್ನು ಬಿಟ್ಟರೆ ಹೊಸ ಲಾರಿಯ ಪರ ಮೋಸ ಮಾಡಿದ ಹಾಗೆ. 100 ಲೀಟರ್ ಡೀಸೆಲ್‌ಗೆ 5 ಲೀಟರ್ ಡಿಇಎಫ್, ಲೀಟರ್‌ಗೆ 60 ರೂಪಾಯಿ ಎಂದು ಹಿಡಿದರೆ ಪ್ರತಿ ಲೀಟರ್ ಡೀಸೆಲ್ ಮೇಲೆ 3 ರೂಪಾಯಿ ಬಿತ್ತು. 91 ಅನ್ನುವುದು 94 ಆಯಿತು. ಮೇಲೆ ಹೇಳಿದ ಶೇ 13ರ ಲಾಭ ಹೀಗೆ ಶೇ 9–10ಕ್ಕೆ ಇಳಿಯುತ್ತದೆ. ಈಗಲೂ ಲಾಭವೇ, ಆದರೆ ಮೊದಲಿನಷ್ಟಲ್ಲ.

ಡಿಪಿಎಫ್ ಇನ್ನೊಂದು. ಮಸಿ ಹಿಡಿಯುವ ಜಾಲರಿ ಅದು. ತುಂಬಿದಾಗ ಒಳಗಿನ ಮಸಿಯನ್ನು ಸುಡಬೇಕು. ಅದಕ್ಕೆ ಒಂದಿಷ್ಟು ಡೀಸೆಲ್ ಖರ್ಚು. ಹೈವೇಯಲ್ಲಿ ಲೋಡ್ ಹೊತ್ತು ಓಡುವ ಲಾರಿಯ ಸೈಲೆನ್ಸರ್ ತಾನೇ ಬಿಸಿಯಾಗಿರುವುದರಿಂದ ಇದು ದೊಡ್ಡ ವಿಷಯವಾಗುವುದಿಲ್ಲ. ಊರೊಳಗೆ ಐದೈದು ಕಿಲೋಮೀಟರ್ ಓಡಿ ನಿಲ್ಲುವ ಲಾರಿಗೆ ಮಾತ್ರ ಇದು ಪದೇ ಪದೇ ಕಾಟ ಕೊಡುತ್ತದೆ.

ರಸ್ತೆಯೂ ಬದಲಾಗಿದೆ ಅನ್ನುವುದನ್ನು ಮರೆಯುತ್ತೇವೆ. ನಲವತ್ತರ ಸ್ಪೀಡಿನಲ್ಲಿ ಓಡುತ್ತಿದ್ದ ಲಾರಿಗಳು ಈಗ ನಾಲ್ಕು ಪಥದಲ್ಲಿ ಅರವತ್ತು, ಎಪ್ಪತ್ತರಲ್ಲಿ ಹೋಗುತ್ತವೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 80ಕ್ಕೆ ಹೋದರೆ ಗಾಳಿಯ ಎದುರೊತ್ತು ಮುಕ್ಕಾಲು ಪಾಲು ಜಾಸ್ತಿ. ಹೊಸ ಲಾರಿಗೆ ಹಾರ್ಸ್ ಪವರ್ ಜಾಸ್ತಿ, ಆದ್ದರಿಂದ ಅದು ಆ ವೇಗಕ್ಕೆ ಸುಲಭವಾಗಿ ಹೋಗುತ್ತದೆ. ಹಳೆಯದು ಹೋಗಲಾರದೆ ಡೀಸೆಲ್ ಉಳಿಸುತ್ತದೆ! 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಅದೂ ಸ್ವಲ್ಪ ಡೀಸೆಲ್ ಕೇಳುತ್ತದೆ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ ಪಕ್ಕ ಕೂತು ಎಂಟು ತಾಸು ಓಡಿಸುವ ಮನುಷ್ಯನಿಗೆ ಆ ಡೀಸೆಲ್ ಕೊಡಲೇಬೇಕು. ಅದನ್ನು ನಷ್ಟದ ಪಟ್ಟಿಗೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ.

ಸರ್ಕಾರದ ಅಳತೆ ಇದೆಯಲ್ಲ, ಅದನ್ನೇ ನೋಡಿದರಾಗದಾ? ಇದೆ. 12 ಟನ್ ಮತ್ತು ಮೇಲಿನ ವಾಹನಗಳಿಗೆ ಇಂಧನ ಬಳಕೆಯ ನಿಯಮ 2017ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಜಾರಿಗೆ ಬರಲು 2023ರ ಏಪ್ರಿಲ್ ಆಯಿತು. ಲಾರಿಗಳನ್ನು ಗಂಟೆಗೆ 40 ಮತ್ತು 60 ಕಿ.ಮೀ.ನ ಒಂದೇ ವೇಗದಲ್ಲಿ ಓಡಿಸಿ ಅಳೆಯುತ್ತಾರೆ. ಒಂದು ಕಂಪನಿಯ ಲಾರಿಯನ್ನು ಇನ್ನೊಂದರ ಜೊತೆ ಹೋಲಿಸಲು ಅದು ಸರಿ. ಆದರೆ ಶಿರಾಡಿ ಅದರಲ್ಲಿಲ್ಲ. ನೆಲಮಂಗಲದ ಟ್ರಾಫಿಕ್ ಇಲ್ಲ. ಗೋಡೌನ್ ಮುಂದೆ ಎಂಜಿನ್ ಆನ್ ಇಟ್ಟು ಕಾಯುವ ಮೂರು ತಾಸೂ ಇಲ್ಲ. 2014ರ ಲಾರಿಗೆ ಆ ಪರೀಕ್ಷೆಯ ಅಂಕಿಯೇ ಇಲ್ಲದಿರುವಾಗ ಹಳೆಯದು ಹೊಸದರ ಹೋಲಿಕೆಗೆ ಅದು ನೆರವಿಗೆ ಬರುವುದಿಲ್ಲ.

ನಮಗೆ ಉಪಯೋಗಕ್ಕೆ ಬಂದದ್ದು ಅಮೆರಿಕದ ಎಂಜಿನಿಯರ್‌ಗಳ ಸಂಘ ಎಸ್‌ಎಇಯ ಒಂದು ವಿಧಾನ. ಅದರಲ್ಲಿ ಎರಡು ಲಾರಿಗಳನ್ನು ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಓಡಿಸುತ್ತಾರೆ. ಒಂದನ್ನು ಏನೂ ಬದಲಾಯಿಸದೆ ಹಾಗೇ ಇಡುತ್ತಾರೆ. ಬಿಚ್ಚಿ ತೆಗೆಯಬಹುದಾದ ಟ್ಯಾಂಕ್ ಇಟ್ಟು ಡೀಸೆಲನ್ನು ಲೀಟರ್‌ನಲ್ಲಿ ಅಲ್ಲ, ತೂಕದಲ್ಲಿ ಅಳೆಯುತ್ತಾರೆ. ಅದರ ಹಳೆಯ ನಿಯಮದಲ್ಲಿ, ಎರಡರ ಅನುಪಾತ ಮೂರು ಓಟದಲ್ಲಿ ಶೇ 2ರ ಒಳಗೆ ಹೊಂದಿದರೆ ಮಾತ್ರ ಒಪ್ಪುತ್ತಿದ್ದರು. ಮಳೆ, ಗಾಳಿ, ಟ್ರಾಫಿಕ್ ಎಲ್ಲ ಎರಡಕ್ಕೂ ಒಂದೇ ಆಗುವುದರಿಂದ ಲೆಕ್ಕದಿಂದ ಹೊರಗೆ ಹೋಗುತ್ತವೆ.

ಟ್ಯಾಂಕ್ ಬಿಚ್ಚಿ ತೂಗಲು ನಮ್ಮಿಂದ ಆಗಲಿಲ್ಲ. ಉಳಿದದ್ದನ್ನು ಮಾಡಿದೆವು. ಎರಡೂ ಲಾರಿ ಒಟ್ಟಿಗೆ ಹೊರಟವು. ಎರಡಕ್ಕೂ 16 ಟನ್ನೇ ಲೋಡ್, ವೇ ಬ್ರಿಡ್ಜ್ ಚೀಟಿ ಸಮೇತ. ಟೈರ್ ಗಾಳಿ ಒಂದೇ ದಿನ ಚೆಕ್ ಮಾಡಿಸಿದ್ದು. ಐದು ಟ್ರಿಪ್ ಆದ ಮೇಲೆ ಡ್ರೈವರ್‌ಗಳನ್ನು ಅದಲುಬದಲು ಮಾಡಿ ಇನ್ನೈದು ಟ್ರಿಪ್. ಇದಕ್ಕೆ ಹಿರಿಯ ಡ್ರೈವರ್ ಸುಲಭಕ್ಕೆ ಒಪ್ಪಲಿಲ್ಲ. "ನನ್ನ ಗಾಡಿ ಆ ಹುಡುಗನ ಕೈಗೆ ಕೊಟ್ರೆ ಕ್ಲಚ್ ಉಳಿಯಂಗಿಲ್ಲ ಯಜಮಾನ್ರೇ" ಅಂದರು. "ಹತ್ತೇ ಹತ್ತು ದಿನ, ನೋಡೇ ಬಿಡೋಣ ಬಾರಪ್ಪ" ಎಂದು ಚಿಕ್ಕಪ್ಪ ಒಪ್ಪಿಸಿದರು.

ಮೊದಲ ಐದು ಟ್ರಿಪ್‌ನಲ್ಲಿ ಹಳೆಯದೇ ಸ್ವಲ್ಪ ಮುಂದಿತ್ತು. ಅದಲುಬದಲಾದ ಮೇಲೆ ಹೊಸದು ಮುಂದೆ ಬಂತು. ಮುನ್ನಡೆ ಹಿರಿಯ ಡ್ರೈವರ್ ಜೊತೆಗೇ ಹೋಯಿತು! ಅವರು ಏರು ಕಂಡ ತಕ್ಷಣ ಆಕ್ಸಿಲರೇಟರ್ ತುಳಿಯುವುದಿಲ್ಲ. ಮುಂದಿನ ಗಾಡಿಯನ್ನು ದೂರದಿಂದಲೇ ನೋಡಿ ಕಾಲು ಎತ್ತುತ್ತಾರೆ. ಬ್ರೇಕ್ ಬಳಸುವುದೇ ಕಡಿಮೆ. ನಿಲ್ಲಿಸಿದರೆ ಎಂಜಿನ್ ಆಫ್. ಹಳೆ ಲಾರಿಯ ಮೈಲೇಜ್ ಅಂತ ನಾವು ಇಷ್ಟು ವರ್ಷ ಹೇಳುತ್ತಿದ್ದದ್ದರಲ್ಲಿ ಬಹುಪಾಲು ಅವರ ಮೂವತ್ತು ವರ್ಷದ ಕೈಗುಣ. ಇದನ್ನು ನೋಡಿ ಚಿಕ್ಕಪ್ಪ ಅವರ ಭತ್ಯೆ ಏರಿಸಿದರು. ಈ ಇಡೀ ಕಸರತ್ತಿನಲ್ಲಿ ನನಗೆ ಅತಿ ಸಂತೋಷ ಕೊಟ್ಟದ್ದು ಅದೇ.

ಹತ್ತೂ ಟ್ರಿಪ್ ಸೇರಿಸಿದರೆ, ಒಂದೇ ತೂಕಕ್ಕೆ ಎರಡು ಲಾರಿಗಳ ನಡುವಿನ ಅಂತರ ನಮ್ಮ ಅಳತೆಯ ತಪ್ಪಿಗಿಂತ ದೊಡ್ಡದಾಗಿ ಉಳಿಯಲಿಲ್ಲ. ಹೊಸದಕ್ಕೆ ಪೂರ್ತಿ 19 ಟನ್ ಹಾಕಿದ ದಿನ ಮಾತ್ರ ಟನ್ ಲೆಕ್ಕದಲ್ಲಿ ಅದು ಸ್ಪಷ್ಟವಾಗಿ ಗೆಲ್ಲುತ್ತದೆ.

ಹಾಗಂತ ಹಳೆಯದನ್ನು ಮಾರಿ ಹೊಸದು ತಗೊಳ್ಳಿ ಎಂದು ಯಾರಿಗಾದರೂ ಹೇಳುತ್ತೀನಾ? ಬರೀ ಡೀಸೆಲ್ ಉಳಿಯುತ್ತದೆ ಎಂದಾದರೆ ಹೇಳುವುದಿಲ್ಲ. ವರ್ಷಕ್ಕೆ 18 ಲಕ್ಷ ರೂಪಾಯಿ ಡೀಸೆಲ್‌ನಲ್ಲಿ ಶೇ 10 ಉಳಿದರೂ 1.8 ಲಕ್ಷ. ಹೊಸ ಲಾರಿಯ ಸಾಲದ ಕಂತು ನಾಲ್ಕೈದು ತಿಂಗಳಲ್ಲಿ ಅದನ್ನು ನುಂಗಿಬಿಡುತ್ತದೆ. ಭಾರದ ಮಾಲು ಖಾಯಂ ಸಿಗುತ್ತದಾ, ಜಾಸ್ತಿ ಹೊರುವ ಮೂರು ಟನ್‌ಗೆ ಬಾಡಿಗೆ ಬರುತ್ತದಾ ಎಂದು ಮೊದಲು ನೋಡಬೇಕು. ಮಂಡಕ್ಕಿ ಮೂಟೆ ಹೊಡೆಯುವವರಿಗೆ ಲಾರಿ ತುಂಬುವುದು ಜಾಗದಿಂದ, ತೂಕದಿಂದ ಅಲ್ಲ. ಅವರಿಗೆ 28.5 ಟನ್ ಮಿತಿಯಿಂದ ಏನೂ ಸಿಗುವುದಿಲ್ಲ. ಇನ್ನು ಹೊಗೆಯ ಲೆಕ್ಕ ಚಿಕ್ಕಪ್ಪನ ಡೈರಿಯಲ್ಲಿ ಬರುವುದಿಲ್ಲ, ಆದರೆ ಹೆದ್ದಾರಿ ಬದಿಯ ಊರಿನವರ ಎದೆಯಲ್ಲಿ ಬರುತ್ತದೆ. ಒಂದು ಬಿಎಸ್-3 ಎಂಜಿನ್‌ಗೆ ಬಿಡಲು ಅವಕಾಶವಿದ್ದ ನಾಕ್ಸ್, ಹನ್ನೆರಡು ಬಿಎಸ್-6 ಎಂಜಿನ್‌ಗಳು ಸೇರಿ ಬಿಡಬಹುದಾದಷ್ಟು. ಹೊಸ ಲಾರಿಗೆ ಬದಲಾಯಿಸುವ ಸಣ್ಣ ಮಾಲೀಕರಿಗೆ ಸಾಲದ ಬಡ್ಡಿಯಲ್ಲಿ ಸರ್ಕಾರ ನೆರವಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಳ್ಳೆಯ ಗಾಳಿ ಎಲ್ಲರಿಗೂ ಸಿಗುವಾಗ ಕಂತು ಒಬ್ಬರೇ ಕಟ್ಟುವುದು ಸರಿಯಲ್ಲ.

ಚಿಕ್ಕಪ್ಪ ಈಗ ಹಳೆಯದನ್ನು ದಾವಣಗೆರೆ–ಹುಬ್ಬಳ್ಳಿ ನಡುವೆ ಹಗುರ ಮಾಲಿಗೆ ಹಾಕಿದ್ದಾರೆ. ಘಾಟ್ ಇಲ್ಲ, ಭಾರ ಇಲ್ಲ. ಮಂಗಳೂರಿನ ಗೊಬ್ಬರ ಪೂರ್ತಿ ಹೊಸದಕ್ಕೆ. ಅದನ್ನು ಓಡಿಸುವುದು ಹಿರಿಯ ಡ್ರೈವರ್. ಡ್ಯಾಶ್‌ಬೋರ್ಡ್ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇದೆ. ತಾರೀಕು, ಜಿಪಿಎಸ್ ಕಿಲೋಮೀಟರ್, ಡೀಸೆಲ್, ಡಿಇಎಫ್, ಪಕ್ಕದಲ್ಲಿ ಪಿನ್ ಹೊಡೆದ ವೇ ಬ್ರಿಡ್ಜ್ ಚೀಟಿ. ಹೋದ ವಾರ ಬಂಕ್‌ನಲ್ಲಿ ಹುಡುಗ ಟಕ್ ಅಂದ ಕೂಡಲೇ ನಾಜಲ್ ತೆಗೆಯಲು ಹೋದ. ಹಿರಿಯರು ಅವನ ಕೈ ಹಿಡಿದು, "ನೊರೆ ಇಳೀಲಿ ತಮ್ಮಾ" ಅಂದರು.